ಪರಮಪ್ರಸಾದಕ್ಕೆ ಅಂಕಪಟ್ಟಿಯೇಕೆ?



ಬೇಸಿಗೆಯ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ಸಿದ್ಧತೆ ಆರಂಭವಾಗುತ್ತದೆ. ಎಂಟು ಒಂಬತ್ತು ವರ್ಷದ ಮಕ್ಕಳು ಬಿಳಿಯ ಉಡುಪು ಧರಿಸಿ, ಕೈಯಲ್ಲಿ ಮೇಣದ ಬತ್ತಿ ಹಿಡಿದು ಪೀಠದ ಮುಂದೆ ಸಾಲಾಗಿ ನಿಲ್ಲುವ ಆ ದೃಶ್ಯವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಕೆಲವರು ಆ ಸಾಲಿನಲ್ಲಿ ನಿಂತವರೇ. ಈ ಸಲ ನನಗೆ ಆಪ್ತವಾದ ಒಂದು ಕುಟುಂಬದ ಹುಡುಗನಿಗೆ ಆ ಸಾಲಿನಲ್ಲಿ ಸ್ಥಾನ ದೊರೆಯಲಿಲ್ಲ. ಪ್ರಾರ್ಥನೆಗಳನ್ನೂ ವಿಶ್ವಾಸ ಪ್ರಮಾಣವನ್ನೂ ತಪ್ಪಿಲ್ಲದೆ ಒಪ್ಪಿಸಲು ಅವನಿಂದಾಗಲಿಲ್ಲ, ಆದ್ದರಿಂದ ಮುಂದಿನ ವರ್ಷ ನೋಡೋಣ ಎಂಬ ತೀರ್ಮಾನವಾಯಿತಂತೆ. ಊರು ಯಾವುದು, ಇಗರ್ಜಿ ಯಾವುದು ಎಂಬುದು ಇಲ್ಲಿ ಅನಗತ್ಯ. ಒಂದೇ ಊರಿನ ಸಂಗತಿಯಾಗಿದ್ದರೆ ಆ ಊರಿನ ಗುರುಗಳ ಬಳಿಯೇ ಮಾತನಾಡಿ ಮುಗಿಸುತ್ತಿದ್ದೆ, ಬರೆಯಲು ಕೂರುತ್ತಿರಲಿಲ್ಲ. ಪರಮಪ್ರಸಾದವನ್ನು ತೇರ್ಗಡೆಯಾದವರಿಗೆ ನೀಡುವ ಬಹುಮಾನವೆಂದು ಭಾವಿಸುವ ಮನೋಭಾವ ನಮ್ಮ ನಡುವೆ ವ್ಯಾಪಕವಾಗಿದೆ. ಅದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ರೈಸ್ತರಲ್ಲದ ನನ್ನ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು ಹೇಳಬೇಕು. ಯೇಸುಕ್ರಿಸ್ತರು ಶಿಲುಬೆಯ ಮರಣಕ್ಕೆ ಮುನ್ನಾದಿನ ರಾತ್ರಿ ಶಿಷ್ಯರೊಡನೆ ಕಡೆಯ ಭೋಜನ ಮಾಡಿದರು. ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಕೃತಜ್ಞತೆ ಸಲ್ಲಿಸಿ, ಮುರಿದು, ಇದು ತಮ್ಮ ಶರೀರವೆಂದು ಹೇಳಿ ಹಂಚಿದರು. ದ್ರಾಕ್ಷಾರಸದ ಪಾತ್ರೆಯನ್ನೂ ಹಾಗೆಯೇ ತಮ್ಮ ರಕ್ತವೆಂದು ನೀಡಿದರು. ತಮ್ಮ ನೆನಪಿಗಾಗಿ ಹೀಗೆ ಮಾಡುತ್ತಿರಿ ಎಂದು ಆಜ್ಞಾಪಿಸಿದರು. ಅಂದಿನಿಂದ ಇಂದಿನವರೆಗೆ ನಡೆಯುತ್ತಿರುವ ಆ ಆಚರಣೆಯೇ ಬಲಿಪೂಜೆ. ಅದರಲ್ಲಿ ಭಕ್ತರು ಸ್ವೀಕರಿಸುವ ಗೋಧಿಯ ತೆಳುವಾದ ಓಸ್ತಿಯಲ್ಲಿ ಕ್ರಿಸ್ತರೇ ನಿಜವಾಗಿ ಇದ್ದಾರೆಂಬುದು ಕಥೋಲಿಕರ ವಿಶ್ವಾಸ. ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಹೆಸರಿನ ಅರ್ಥ ಕೃತಜ್ಞತೆ. ಕೊಂಕಣಿ ಮನೆಗಳಲ್ಲಿ ನಾವು ಪೋರ್ಚುಗೀಸರಿಂದ ಬಂದ 'ಕುಮ್ಗಾರ್' ಎಂಬ ಪದವನ್ನು ಬಳಸುತ್ತೇವೆ. ಕನ್ನಡದಲ್ಲಿ ಅದು ಪರಮಪ್ರಸಾದ.

ಈ ಕನ್ನಡದ ಪದವನ್ನು ಆರಿಸಿದವರಿಗೆ ನಾನು ಮನಸ್ಸಿನಲ್ಲಿ ಎಷ್ಟೋ ಸಲ ನಮಸ್ಕರಿಸಿದ್ದೇನೆ. ಪ್ರಸಾದ ಎಂದರೆ ಪ್ರಸನ್ನತೆ, ಅನುಗ್ರಹ. ದೇವರು ಪ್ರಸನ್ನನಾಗಿ ಕೊಡುವುದೇ ಪ್ರಸಾದ, ಬೇಡುವವನು ಸಂಪಾದಿಸಿಕೊಂಡದ್ದು ಕೂಲಿ. ನಮ್ಮ ನಾಡಿನಲ್ಲಿ ಈ ವ್ಯತ್ಯಾಸವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಧರ್ಮಸ್ಥಳದ ಅನ್ನಛತ್ರದಲ್ಲಿ ಎಲೆಯ ಮುಂದೆ ಕುಳಿತವನನ್ನು ನಿನಗೆ ಎಷ್ಟು ಶ್ಲೋಕ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಇಂಥ ಪದವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನಾವು ಮಗುವಿನ ಕೈಗೆ ಪ್ರಶ್ನೆಪತ್ರಿಕೆ ಕೊಡುತ್ತಿದ್ದೇವೆ.

ಬಾಯಿಪಾಠದ ವಿರೋಧಿ ನಾನಲ್ಲ. ಮಗ್ಗಿ, ವ್ಯಾಕರಣ, ಹಳೆಗನ್ನಡದ ಪದ್ಯ ಇವೆಲ್ಲವನ್ನೂ ನಿಮ್ಮಿಂದ ಬಾಯಿಪಾಠ ಮಾಡಿಸಿದವನು ನಾನೇ. ಅದರ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಇನ್ನೂ ಸಿಟ್ಟಿದೆ ಎಂಬುದೂ ಗೊತ್ತು! ಎಳೆಯ ವಯಸ್ಸಿನಲ್ಲಿ ಕಲಿತ ಪ್ರಾರ್ಥನೆ ಮುಪ್ಪಿನಲ್ಲಿ ಊರುಗೋಲಾಗುತ್ತದೆ, ನಿಜ. ಆದರೆ ತರಗತಿಯಲ್ಲಿ ವರ್ಷಗಟ್ಟಲೆ ನಿಂತವನಿಗೆ ಇನ್ನೊಂದು ಸತ್ಯವೂ ತಿಳಿದಿರುತ್ತದೆ. ಅಕ್ಷರಗಳು ಕಣ್ಣ ಮುಂದೆ ಕುಣಿಯುವ ಮಕ್ಕಳಿದ್ದಾರೆ. ನಾಲ್ಕು ಜನರ ಎದುರು ನಿಂತೊಡನೆ ಗಂಟಲು ಕಟ್ಟುವ ಮಕ್ಕಳಿದ್ದಾರೆ. ಇವರಿಗೆ ವಿಷಯ ತಿಳಿದಿರುವುದಿಲ್ಲ ಎಂದಲ್ಲ, ಒಪ್ಪಿಸಲು ಬರುವುದಿಲ್ಲ ಅಷ್ಟೆ. ನಾನು ಹೇಳಿದ ಹುಡುಗನೂ ಅಂಥವನೇ. ಓಸ್ತಿ ಎಂದರೇನು ಎಂದು ಕೇಳಿದರೆ 'ಅದು ಯೇಸು, ತಿಂಡಿಯಲ್ಲ' ಎಂದು ಅವನು ನೇರವಾಗಿ ಹೇಳುತ್ತಾನೆ.

ಆ ಉತ್ತರ ಸಾಕೇ? ಸಾಕೆಂದು ನಾನು ಹೇಳುವುದಕ್ಕಿಂತ ಬಹಳ ಹಿಂದೆಯೇ ರೋಮ್ ಹೇಳಿದೆ. 1910ರ ಆಗಸ್ಟ್ 8ರಂದು, ಪೋಪ್ ಹತ್ತನೆಯ ಪಯಸ್‌ರ ಕಾಲದಲ್ಲಿ, ಮಕ್ಕಳ ಪ್ರಥಮ ಪರಮಪ್ರಸಾದದ ಕುರಿತು ಒಂದು ಆದೇಶ ಹೊರಟಿತು. ಅದಕ್ಕೆ ಮೊದಲು ಯುರೋಪಿನ ಅನೇಕ ಕಡೆ ಮಕ್ಕಳು ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರೆಗೂ ಕಾಯಬೇಕಾಗಿತ್ತು. ವಿವೇಚನೆ ಮೂಡುವ ವಯಸ್ಸು, ಅಂದರೆ ಸುಮಾರು ಏಳು ವರ್ಷ, ಸಾಕೆಂದು ಆ ಆದೇಶ ವಿಧಿಸಿತು. ಧರ್ಮಸಿದ್ಧಾಂತದ ಪೂರ್ಣ ಜ್ಞಾನವನ್ನು ಅದು ನಿರೀಕ್ಷಿಸಲಿಲ್ಲ. ಮಗು ತನ್ನ ಶಕ್ತಿಗೆ ತಕ್ಕಂತೆ ಮುಖ್ಯ ಸತ್ಯಗಳನ್ನು ಅರಿತು, ಈ ರೊಟ್ಟಿಯನ್ನು ದಿನನಿತ್ಯದ ರೊಟ್ಟಿಯಿಂದ ಬೇರೆಯೆಂದು ಗುರುತಿಸಬಲ್ಲದಾದರೆ ಸಾಕು, ಹೆಚ್ಚಿನ ಕಲಿಕೆ ಅನಂತರವೂ ಮುಂದುವರಿಯಲಿ ಎಂಬುದು ಅದರ ತಾತ್ಪರ್ಯ. ಇದರ ಹಿನ್ನೆಲೆಯಲ್ಲಿ ಐರ್ಲೆಂಡಿನ ಕಾರ್ಕ್ ನಗರದ ನೆಲ್ಲಿ ಎಂಬ ಕಂದನ ಕಥೆಯೊಂದನ್ನು ಭಕ್ತರು ಹೇಳುತ್ತಾರೆ. ದವಡೆಯ ರೋಗದಿಂದ ನರಳುತ್ತಿದ್ದ ಅವಳು ನಾಲ್ಕು ವರ್ಷದವಳಾಗಿದ್ದಾಗ, 1907ರ ಡಿಸೆಂಬರಿನಲ್ಲಿ, ಪರಮಪ್ರಸಾದ ಸ್ವೀಕರಿಸಿದಳು. 1908ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆ ಸುದ್ದಿ ಪೋಪರ ಮನಸ್ಸನ್ನು ತಟ್ಟಿತೆಂಬುದು ಪ್ರತೀತಿ. ಅಷ್ಟು ದೂರ ಹೋಗುವುದೂ ಬೇಡ. ನೆರೆಯ ಕೇರಳದ ಮಲಂಕರ ಆರ್ಥಡಾಕ್ಸ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ಹಸುಗೂಸಿಗೇ ಪರಮಪ್ರಸಾದ ಕೊಡುತ್ತಾರೆ. ಆ ಕೂಸು ಯಾವ ವಿಶ್ವಾಸ ಪ್ರಮಾಣವನ್ನು ಒಪ್ಪಿಸೀತು?

ಇನ್ನೊಂದು ವಿಚಿತ್ರವನ್ನು ಗಮನಿಸಿ. ಹಾಸಿಗೆ ಹಿಡಿದ ಹಿರಿಯರ ಮನೆಗೆ ಗುರುಗಳು ಪರಮಪ್ರಸಾದ ಕೊಂಡೊಯ್ಯುತ್ತಾರೆ. ಮರೆವಿನ ರೋಗದಿಂದ ಮಕ್ಕಳ ಹೆಸರನ್ನೇ ಮರೆತ ಅಜ್ಜಿಯರು ಆ ಓಸ್ತಿಯನ್ನು ಕಂಡೊಡನೆ ಕೈಜೋಡಿಸುವುದನ್ನು ನಾನು ನೋಡಿದ್ದೇನೆ. ಅವರಿಂದ ಯಾರೂ ಪಾಠ ಒಪ್ಪಿಸಿಕೊಳ್ಳುವುದಿಲ್ಲ, ಒಪ್ಪಿಸಿಕೊಳ್ಳಬಾರದು ಕೂಡ. ಹಾಗಾದರೆ ಎಂಬತ್ತೈದರಲ್ಲಿ ಮರೆತವರಿಗೆ ತೆರೆದಿರುವ ಬಾಗಿಲು ಒಂಬತ್ತರಲ್ಲಿ ಇನ್ನೂ ಕಲಿಯದವನಿಗೆ ಮುಚ್ಚಿರುವುದೇಕೆ?

ಈ ಬಾಗಿಲು ಮುಚ್ಚುವ ಅಭ್ಯಾಸ ಹೊಸದಲ್ಲ. ಜನ ಭಯದಿಂದ ಪರಮಪ್ರಸಾದದಿಂದ ದೂರ ಸರಿಯುತ್ತಾ ಹೋದುದರಿಂದಲೇ, ವರ್ಷಕ್ಕೊಮ್ಮೆ ಪಾಸ್ಖ ಹಬ್ಬದಲ್ಲಾದರೂ ಸ್ವೀಕರಿಸಲೇಬೇಕೆಂದು 1215ರ ಲ್ಯಾಟರನ್ ಮಹಾಸಭೆ ಕಟ್ಟಳೆ ಮಾಡಬೇಕಾಯಿತು. ಊಟಕ್ಕೆ ಬನ್ನಿ ಎಂದು ಕರೆದರೆ ಬಾರದ ನೆಂಟರನ್ನು ಆಣೆ ಹಾಕಿ ಕರೆತಂದ ಹಾಗೆ! ಫ್ರಾನ್ಸಿನಲ್ಲಿ 1643ರಲ್ಲಿ ಆಂತ್ವಾನ್ ಆರ್ನೋ ಎಂಬ ಪಂಡಿತರು ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ದೀರ್ಘಕಾಲದ ಪ್ರಾಯಶ್ಚಿತ್ತದಿಂದ ಶುದ್ಧರಾಗದೆ ಪೀಠದ ಬಳಿ ಸುಳಿಯಬಾರದೆಂಬುದು ಅವರ ವಾದ. ಜಾನ್ಸೆನ್ ಪಂಥದವರೆಂದು ಹೆಸರಾದ ಇವರು ಕಪಟಿಗಳಾಗಿರಲಿಲ್ಲ, ಅತ್ಯಂತ ಶ್ರದ್ಧಾವಂತರಾಗಿದ್ದರು. ತೊಂದರೆ ಇದ್ದುದೇ ಅಲ್ಲಿ. ಶ್ರದ್ಧೆಯ ಹೆಸರಿನಲ್ಲಿ ಜನರನ್ನು ಹಸಿವಿನಲ್ಲಿರಿಸಿದರೆ ಎದುರು ಮಾತಾಡುವವರು ಯಾರು? ಪರಮಪ್ರಸಾದವನ್ನು ಆಗಾಗ, ಸಾಧ್ಯವಾದರೆ ದಿನವೂ ಸ್ವೀಕರಿಸಬಹುದೆಂದು 1905ರಲ್ಲಿ ಹತ್ತನೆಯ ಪಯಸ್‌ರ ಕಾಲದಲ್ಲಿ ಆದೇಶ ಬರುವವರೆಗೂ ಆ ನೆರಳು ಪೂರ್ತಿ ಸರಿಯಲಿಲ್ಲ. ಉಪವಾಸದ ನಿಯಮವೂ ಹಾಗೆಯೇ ಸಡಿಲವಾಯಿತು. ಹಿಂದೆ ಮಧ್ಯರಾತ್ರಿಯಿಂದ ನೀರನ್ನೂ ಕುಡಿಯುವಂತಿರಲಿಲ್ಲ. 1953ರಲ್ಲಿ ನೀರಿಗೆ ಅನುಮತಿ ದೊರೆಯಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಪ್ರತಿ ಸಲವೂ 'ಭಕ್ತಿ ಹಾಳಾಯಿತು' ಎಂದು ಗೊಣಗಿದ ಹಿರಿಯರು ಇದ್ದೇ ಇದ್ದರು.

ಇಷ್ಟು ಹೇಳಿದಾಗ ಬಲ್ಲವರು ಸಂತ ಪೌಲರನ್ನು ಮುಂದೆ ಮಾಡುತ್ತಾರೆ. ಅಯೋಗ್ಯವಾಗಿ ಈ ರೊಟ್ಟಿಯನ್ನು ತಿನ್ನುವವನು ಅಪರಾಧಿಯಾಗುತ್ತಾನೆ, ಆದ್ದರಿಂದ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂದು ಪೌಲರು ಬರೆದಿಲ್ಲವೇ? ಬರೆದಿದ್ದಾರೆ. ಘೋರ ಪಾಪದಲ್ಲಿರುವವನು ಮೊದಲು ಪಾಪನಿವೇದನೆ ಮಾಡಬೇಕೆಂಬ ಧರ್ಮಸಭೆಯ ನಿಯಮವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಮೇಷ್ಟ್ರ ಹಳೆಯ ಚಾಳಿ, ಒಂದು ವಾಕ್ಯವನ್ನು ಅದರ ಸಂದರ್ಭದಿಂದ ಕಿತ್ತು ಓದುವುದಕ್ಕೆ ಬಿಡುವುದಿಲ್ಲ. 'ಸಂದರ್ಭ ಸಹಿತ ವಿವರಿಸಿ' ಎಂಬ ಪ್ರಶ್ನೆ ನಿಮಗೆ ನೆನಪಿರಬಹುದು.

ಸಂದರ್ಭ ಇದು. ಕೊರಿಂಥ ಪಟ್ಟಣದ ಕ್ರೈಸ್ತರು ಒಂದು ಮನೆಯಲ್ಲಿ ಕೂಡಿ ಪ್ರಭುವಿನ ಭೋಜನ ಆಚರಿಸುತ್ತಿದ್ದರು. ಉಳ್ಳವರು ಬೇಗ ಬಂದು ತಾವು ತಂದುದನ್ನು ತಾವೇ ತಿಂದು ಕುಡಿದು ಅಮಲೇರಿಸಿಕೊಳ್ಳುವರು. ಇಲ್ಲದವರು ಹಸಿದೇ ಇರುವರು. ನಮ್ಮ ನುಡಿಯಲ್ಲಿ ಹೇಳುವುದಾದರೆ ಅಪ್ಪಟ ಪಂಕ್ತಿಭೇದ. ಇದನ್ನು ಕೇಳಿ ಕೆರಳಿದ ಪೌಲರು, ನೀವು ಸೇರಿ ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ, ಇಲ್ಲದವರನ್ನು ನಾಚಿಸುತ್ತಿದ್ದೀರಿ ಎಂಬ ಅರ್ಥದ ಮಾತುಗಳಿಂದ ಛೀಮಾರಿ ಹಾಕಿದರು. ಆ ಛೀಮಾರಿಯ ನಡುವೆಯೇ ಕಡೆಯ ಭೋಜನದ ವೃತ್ತಾಂತವನ್ನು ನೆನಪಿಸಿದರು. ಸುಮಾರು ಕ್ರಿ.ಶ. 55ರ ಈ ಪತ್ರವೇ ಆ ವೃತ್ತಾಂತ ನಮಗೆ ದೊರೆಯುವ ಅತ್ಯಂತ ಹಳೆಯ ಬರಹ. ನಾಲ್ಕು ಶುಭಸಂದೇಶಗಳಿಗಿಂತಲೂ ಹಿಂದಿನದು. ಹೀಗಿರುವಾಗ 'ಅಯೋಗ್ಯವಾಗಿ ತಿನ್ನುವವನು' ಎಂಬ ಎಚ್ಚರಿಕೆ ಯಾರನ್ನು ಕುರಿತದ್ದು? ಪಾಠ ಬಾರದ ಬಾಲಕನನ್ನಲ್ಲ. ಸಹೋದರನನ್ನು ಹೊರಗೆ ನಿಲ್ಲಿಸಿ ತಾನು ಮುಂದೆ ಬಂದು ತಿನ್ನುವವನನ್ನು. ನಾವು ಆ ವಾಕ್ಯವನ್ನು ತಲೆಕೆಳಗು ಮಾಡಿ ಹೊರಗೆ ನಿಂತವನ ಮೇಲೆಯೇ ಎಸೆಯುತ್ತಿದ್ದೇವೆ.

ಪಂಕ್ತಿಭೇದ ಕೊರಿಂಥದಲ್ಲೇ ಮುಗಿಯಿತೆಂದು ತಿಳಿಯಬೇಡಿ. ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರು ಮೊದಲು, ಕೆಳಜಾತಿಯಿಂದ ಬಂದವರು ಅನಂತರ ಪ್ರಭುಭೋಜನ ಸ್ವೀಕರಿಸುವ ವಾಡಿಕೆ ಇತ್ತು. ಕಲ್ಕತ್ತೆಯ ಆಂಗ್ಲಿಕನ್ ಬಿಷಪರಾಗಿದ್ದ ಡೇನಿಯಲ್ ವಿಲ್ಸನ್ 1833ರಲ್ಲಿ ಈ ಭೇದವನ್ನು ಕೂಡಲೇ, ಸಂಪೂರ್ಣವಾಗಿ ಕೈಬಿಡಬೇಕೆಂದು ಸುತ್ತೋಲೆ ಹೊರಡಿಸಿದಾಗ ತಂಜಾವೂರು, ಮದರಾಸಿನ ವೇಪೇರಿಗಳಲ್ಲಿ ಬಹಳ ಮಂದಿ ಸಭೆಯನ್ನೇ ತೊರೆದರು. ಒಂದೇ ಪಾತ್ರೆಯಿಂದ ಕುಡಿಯುವುದಕ್ಕಿಂತ ಕುಡಿಯದೇ ಇರುವುದು ಲೇಸೆನಿಸಿತು ಅವರಿಗೆ. ಕಥೋಲಿಕರಾದ ನಾವು ಇದನ್ನು ಓದಿ ನಗುವಂತಿಲ್ಲ. ಜಾತಿಭೇದ ನಮ್ಮೊಳಗೂ ಇದೆಯೆಂದು ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ ಒಪ್ಪಿಕೊಂಡಿತು.

ಇನ್ನು ಕಡೆಯ ಭೋಜನದ ಪಂಕ್ತಿಯಲ್ಲಿ ಕುಳಿತವರ ಯೋಗ್ಯತೆಯನ್ನು ನೋಡೋಣ. ಕೋಳಿ ಕೂಗುವುದರೊಳಗೆ ಮೂರು ಸಲ ಗುರುವನ್ನು ಅರಿಯೆನೆನ್ನಲಿದ್ದ ಪೇತ್ರ ಅಲ್ಲಿದ್ದ. ತಮ್ಮಲ್ಲಿ ಯಾರು ದೊಡ್ಡವರೆಂದು ಊಟದ ಮಧ್ಯೆಯೇ ಜಗಳವಾಡಿದ ಶಿಷ್ಯರಿದ್ದರು. ಮೂವತ್ತು ಬೆಳ್ಳಿ ನಾಣ್ಯಕ್ಕೆ ಒಪ್ಪಂದ ಮಾಡಿಕೊಂಡಿದ್ದ ಯೂದನಿದ್ದ. ಲೂಕನ ಶುಭಸಂದೇಶದಲ್ಲಿ ರೊಟ್ಟಿಯನ್ನೂ ಪಾತ್ರೆಯನ್ನೂ ಹಂಚಿದ ಮೇಲೆಯೇ ಯೇಸು ದ್ರೋಹಿಯ ಕೈ ತಮ್ಮೊಡನೆ ಮೇಜಿನ ಮೇಲಿದೆ ಎನ್ನುತ್ತಾರೆ. ಯೂದನೂ ಅದನ್ನು ಸ್ವೀಕರಿಸಿದನೇ ಎಂಬ ಬಗ್ಗೆ ಪ್ರಾಚೀನರಲ್ಲಿ ಭಿನ್ನಾಭಿಪ್ರಾಯವಿತ್ತು. ಸ್ವೀಕರಿಸಿದನೆಂದೇ ಸಂತ ಅಗಸ್ಟೀನರೂ ಸಂತ ಥಾಮಸ್ ಅಕ್ವಿನಾಸರೂ ತೀರ್ಮಾನಿಸಿದರು. ಯಾರು ಓಡಿಹೋಗುತ್ತಾರೆ, ಯಾರು ಮಾರುತ್ತಾರೆ ಎಂದು ಬಲ್ಲ ಗುರುವೊಬ್ಬ ಅವರೆಲ್ಲರಿಗೂ ರೊಟ್ಟಿ ಮುರಿದು ಕೊಟ್ಟನೆಂಬುದನ್ನು ಓದುವಾಗ, ಅಂಕ ಕೊಡುತ್ತಾ ಬದುಕು ಸವೆಸಿದ ನನ್ನಂಥವನ ಕೈಯಲ್ಲಿನ ಕೆಂಪು ಪೆನ್ನು ತಾನಾಗಿ ಕೆಳಗಿಳಿಯುತ್ತದೆ.

ದೇವರ ಔದಾರ್ಯ ನಮಗೆ ಇಷ್ಟವಾಗುವುದಿಲ್ಲ ಎಂಬ ಅನುಮಾನ ನನಗಿದೆ. ಮತ್ತಾಯನ ಶುಭಸಂದೇಶದ ದ್ರಾಕ್ಷಿ ತೋಟದ ಸಾಮತಿಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಒಕ್ಕೊರಲಿನಿಂದ ಪ್ರತಿಭಟಿಸುತ್ತಿದ್ದರು. ಯಜಮಾನನು ಬೆಳಗಿನ ಜಾವ ಕೆಲವರನ್ನು, ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ ಇನ್ನು ಕೆಲವರನ್ನು, ಸಂಜೆ ಐದಕ್ಕೆ ಮತ್ತೂ ಕೆಲವರನ್ನು ಕೂಲಿಗೆ ಕರೆಯುತ್ತಾನೆ. ಬಟವಾಡೆಯ ಹೊತ್ತಿಗೆ ಎಲ್ಲರಿಗೂ ಒಂದೊಂದು ಬೆಳ್ಳಿ ನಾಣ್ಯ. 'ಇದು ಅನ್ಯಾಯ ಸಾರ್!' ಹೌದು, ಇಡೀ ದಿನ ಬಿಸಿಲಲ್ಲಿ ಬೆಂದವನ ಕೋಪ ಸುಳ್ಳಲ್ಲ. ಆದರೆ ಆ ನಾಣ್ಯ ಅಂದಿನ ಕಾಲದ ಒಂದು ದಿನದ ಕೂಲಿ, ಅಂದರೆ ಒಂದು ಸಂಸಾರದ ಒಂದು ದಿನದ ಊಟ. ಐದು ಗಂಟೆಯವರೆಗೆ ಸಂತೆಯಲ್ಲಿ ನಿಂತವನು ಸೋಮಾರಿಯಲ್ಲ. ತಮ್ಮನ್ನು ಯಾರೂ ಕರೆಯಲಿಲ್ಲ ಎಂದು ಅವರೇ ಹೇಳುತ್ತಾರೆ. ಹನ್ನೆರಡನೆಯ ಒಂದು ಭಾಗದ ಕೂಲಿ ಹಿಡಿದು ಮನೆಗೆ ಹೋದರೆ ಅವನ ಮಕ್ಕಳು ಹನ್ನೆರಡನೆಯ ಒಂದು ಭಾಗ ಉಣ್ಣಬೇಕೇ? ಯಜಮಾನ ದುಡಿಮೆಯ ಗಂಟೆಯನ್ನು ಲೆಕ್ಕ ಹಾಕಲಿಲ್ಲ, ಹಸಿವನ್ನು ಲೆಕ್ಕ ಹಾಕಿದ. ಪರಮಪ್ರಸಾದದ ಲೆಕ್ಕವೂ ಇದೇ. ಬಿಷಪರಿಗೆ ದೊಡ್ಡ ತುಂಡು, ಬೀಡಿ ಕಟ್ಟುವವಳಿಗೆ ಚಿಕ್ಕ ತುಂಡು ಎಂಬುದಿಲ್ಲ. ಚೂರಿನಲ್ಲಿಯೂ ಇರುವವರು ಪೂರ್ಣ ಕ್ರಿಸ್ತರೇ.

ಅದು ಎಷ್ಟು ಚಿಕ್ಕದಾಗಬಲ್ಲದು ಎಂಬುದಕ್ಕೆ ವಿಯೆಟ್ನಾಮಿನ ಬಿಷಪ್ ವಾನ್ ಥುವಾನ್‌ರ ಸೆರೆವಾಸವನ್ನು ನೆನೆಯಬೇಕು. 1975ರಲ್ಲಿ ಬಂಧನಕ್ಕೊಳಗಾದ ಅವರು ಹದಿಮೂರು ವರ್ಷ ಸೆರೆಯಲ್ಲಿದ್ದರು. ಅದರಲ್ಲಿ ಒಂಬತ್ತು ವರ್ಷ ಏಕಾಂತ ಸೆರೆ. ಹೊಟ್ಟೆನೋವಿನ ಔಷಧಿ ಎಂಬ ಚೀಟಿ ಅಂಟಿಸಿ ಭಕ್ತರು ಕಳುಹಿಸಿದ ಪುಟ್ಟ ಸೀಸೆಯ ದ್ರಾಕ್ಷಾರಸದಿಂದ, ಅಂಗೈಯಲ್ಲಿ ಮೂರು ಹನಿ ರಸ, ಒಂದು ಹನಿ ನೀರು ಹಾಕಿಕೊಂಡು ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಶಿಬಿರದಲ್ಲಿ ಇತರ ಕೈದಿಗಳೊಂದಿಗೆ ಇದ್ದಾಗ ರಾತ್ರಿ ದೀಪ ಆರಿದ ಮೇಲೆ ಸೊಳ್ಳೆಪರದೆಯ ಅಡಿಯಿಂದ ಪರಮಪ್ರಸಾದ ಕೈಯಿಂದ ಕೈಗೆ ಸಾಗುತ್ತಿತ್ತು. ಸಿಗರೇಟು ಪೊಟ್ಟಣದ ಕಾಗದದಿಂದ ಮಾಡಿದ ಚೀಲಗಳಲ್ಲಿ ಅದನ್ನು ಕಾಪಿಟ್ಟುಕೊಳ್ಳುತ್ತಿದ್ದರು. ಆ ಕೈದಿಗಳಿಗೆ ಬಿಳಿ ಉಡುಪಿರಲಿಲ್ಲ, ಮೇಣದ ಬತ್ತಿಯಿರಲಿಲ್ಲ.

ಬಿಳಿ ಉಡುಪಿನ ಮಾತು ಬಂದುದರಿಂದ ಹೇಳಿಬಿಡುತ್ತೇನೆ. ಪ್ರಥಮ ಪರಮಪ್ರಸಾದ ಇಂದು ಸಣ್ಣ ಮದುವೆಯಂತಾಗಿದೆ. ಹಾಲ್, ಬ್ಯಾಂಡು, ಕೇಕು, ನೂರಾರು ಜನರಿಗೆ ಊಟ. ಸಾಲ ಮಾಡಿ ಮಾಡುವವರಿದ್ದಾರೆ. ಮಾಡಲಾಗದೆ ಮಗುವಿನ ಸರದಿಯನ್ನು ಮುಂದೂಡುವವರೂ ಇದ್ದಾರೆ. ಬಾಯಿಪಾಠದ ಪರೀಕ್ಷೆಯಂತೆಯೇ ಇದೂ ಒಂದು ಪರೀಕ್ಷೆ, ತಂದೆಯ ಜೇಬಿನದು. ಬಂಧುಗಳು ಬೇಸರಿಸಬಾರದು.

ಹಾಗೆಂದು ಔದಾರ್ಯವೆಂದರೆ ಸಿದ್ಧತೆಯೇ ಬೇಡವೆಂದಲ್ಲ. ದೊತೊರ್ನ್ ತರಗತಿಗಳು ಬೇಕು, ಕಲಿಸುವವರ ತ್ಯಾಗ ದೊಡ್ಡದು. ಅವರಲ್ಲಿ ಬಹುಪಾಲು ಮಂದಿ ಭಾನುವಾರದ ವಿಶ್ರಾಂತಿಯನ್ನು ಬಿಟ್ಟು, ಸಂಬಳವಿಲ್ಲದೆ ದುಡಿಯುವವರು. ಅವರಲ್ಲಿ ನನ್ನದೊಂದು ವಿನಂತಿ. ಮಗುವನ್ನು ಎಲ್ಲರೆದುರು ನಿಲ್ಲಿಸಿ ಒಪ್ಪಿಸಿಕೊಳ್ಳುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿಸಿ. ಪ್ರಾರ್ಥನೆ ಬಾರದಿದ್ದರೆ ಅದರೊಡನೆ ನೀವೂ ಹೇಳಿ. ಪ್ರಥಮ ಪರಮಪ್ರಸಾದದ ಅನಂತರವೂ ಕಲಿಸಲು ವರ್ಷಗಳಿವೆ. ಐದು ಸಾವಿರ ಮಂದಿ ಉಂಡ ದಿನ ಐದು ಜವೆಗೋಧಿ ರೊಟ್ಟಿ, ಎರಡು ಮೀನು ತಂದವನು ಒಬ್ಬ ಹುಡುಗನೆಂದು ಯೊವಾನ್ನ ಬರೆಯುತ್ತಾನೆ. ಜವೆಗೋಧಿ ಅಲ್ಲಿನ ಬಡವರ ಧಾನ್ಯ, ನಮ್ಮಲ್ಲಿ ರಾಗಿಯಿದ್ದಂತೆ. ಅವನಿಗೆ ಓದು ಬರುತ್ತಿತ್ತೇ ಎಂದು ಶುಭಸಂದೇಶಕಾರ ತಿಳಿಸುವುದಿಲ್ಲ.

ದೇವರು ಕೊಟ್ಟುದನ್ನು ಹಂಚುವ ಬಗೆ ನಮ್ಮ ಹಿರಿಯರಿಗೆ ತಿಳಿಯದೆ ಇರಲಿಲ್ಲ. ಸೆಪ್ಟೆಂಬರ್ 8ರ ತೆನೆ ಹಬ್ಬವನ್ನೇ ನೋಡಿ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಒಂದಿಷ್ಟು ಕಾಳು ಸುಲಿದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಯಜಮಾನರು ಎಲ್ಲರಿಗೂ ಹಂಚುತ್ತಾರೆ. ತೊಟ್ಟಿಲ ಕೂಸಿಗೂ ಒಂದು ಚಮಚ, ಮಾತು ಬಿಟ್ಟ ಸಹೋದರನಿಗೂ ಒಂದು ಚಮಚ. ಆ ವರ್ಷ ಗದ್ದೆಯಲ್ಲಿ ಯಾರು ದುಡಿದರು, ಯಾರು ದುಡಿಯಲಿಲ್ಲ ಎಂದು ಆ ಹೊತ್ತಿನಲ್ಲಿ ಕೇಳುವ ಕ್ರಮವಿಲ್ಲ. ಮುಂಬಯಿಯಲ್ಲೋ ಕುವೈತಿನಲ್ಲೋ ಇರುವ ಮಕ್ಕಳ ಪಾಲಿನ ಕಾಳುಗಳನ್ನು ಕಾಗದದಲ್ಲಿ ಮಡಿಸಿ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಾರೆ.